ಮಳೆಯ ನಡೆ ನೋಡಿ ಮನೆ: ಸೂರು, ಪೈಪು, ಸಂಪಿನ ಲೆಕ್ಕ

ವರ್ಷಕ್ಕೆ ಎಷ್ಟು ಮಳೆ ಎಂಬ ಒಂದೇ ಅಂಕಿ ಹಿಡಿದು ಮನೆಯ ನಕ್ಷೆ ಬರೆಯಲು ಕೂತರೆ ಅಲ್ಲೇ ಲೆಕ್ಕ ತಪ್ಪುತ್ತದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿ.ಮೀ., ಮಂಗಳೂರಿನಲ್ಲಿ 3,500 ದಾಟುತ್ತದೆ, ಆಗುಂಬೆಯಲ್ಲಿ 7,000 ಮೀರುತ್ತದೆ, ಚಳ್ಳಕೆರೆ ಕಡೆ 500ರ ಆಸುಪಾಸು. ತಾರಸಿಯಿಂದ ನೀರಿಳಿಸುವ ಪೈಪು ಎಷ್ಟು ದಪ್ಪ ಇರಬೇಕು, ಸೂರು ಎಷ್ಟು ಮುಂದೆ ಚಾಚಬೇಕು, ಸಂಪು ಎಷ್ಟು ಆಳ ತೋಡಬೇಕು ಎಂದು ಕೇಳಿದರೆ ಈ ಅಂಕಿಗಳಲ್ಲಿ ಒಂದೂ ಉತ್ತರ ಕೊಡುವುದಿಲ್ಲ. ಪೈಪು ಕೇಳುವುದು ಕಾಲು ಗಂಟೆಯ ಬಿರುಸನ್ನು. ಸೂರು ಕೇಳುವುದು ಹನಿ ಎಷ್ಟು ಓರೆಯಾಗಿ ಬರುತ್ತದೆ ಎಂಬುದನ್ನು. ಗೋಡೆ ಕೇಳುವುದು ಎಷ್ಟು ದಿನ ಬಿಡದೆ ಜಡಿ ಹಿಡಿಯುತ್ತದೆ ಎಂಬುದನ್ನು. ಸಂಪು ಕೇಳುವುದು ಒಂದು ಹದವಾದ ಮಳೆಗೂ ಮುಂದಿನದಕ್ಕೂ ನಡುವೆ ಎಷ್ಟು ದಿನ ಒಣಗುತ್ತದೆ ಎಂಬುದನ್ನು. ಆದ್ದರಿಂದ ಕಾಗದದ ಮೇಲೆ ಗೆರೆ ಎಳೆಯುವ ಮೊದಲು ನಿಮ್ಮ ಜಾಗದ ಮಳೆಯ ನಡೆಯನ್ನು ಓದಬೇಕು.

ಮೊದಲ ಕೆಲಸ: ಮಳೆ ಓದುವುದು

ಕರ್ನಾಟಕದಲ್ಲಿ ಇದಕ್ಕೆ ಒಳ್ಳೆಯ ಅನುಕೂಲವಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ, 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ನಿಮ್ಮ ಸೈಟಿಗೆ ಹತ್ತಿರದ ಮಾಪಕದಲ್ಲಿ ಕಳೆದ ಕೆಲವು ವರ್ಷಗಳ ಅತಿ ಜೋರಿನ 15 ನಿಮಿಷಗಳನ್ನು ಹುಡುಕಿ, 4ರಿಂದ ಗುಣಿಸಿ. 15 ನಿಮಿಷದಲ್ಲಿ 20 ಮಿ.ಮೀ. ಬಿದ್ದಿದ್ದರೆ ಅದು ಗಂಟೆಗೆ 80 ಮಿ.ಮೀ. ಬಿರುಸು. ದಿನದ ಮೊತ್ತ ಹೇಗೆ ದಾರಿ ತಪ್ಪಿಸುತ್ತದೆ ನೋಡಿ: 2022ರ ಸೆಪ್ಟೆಂಬರ್ 5ರ ಬೆಳಿಗ್ಗೆಗೆ ಮುಗಿದ 24 ಗಂಟೆಯಲ್ಲಿ ಬೆಂಗಳೂರು ನಗರದಲ್ಲಿ 131.6 ಮಿ.ಮೀ. ದಾಖಲಾಯಿತು. ಅದನ್ನು 24ರಿಂದ ಭಾಗಿಸಿದರೆ ಗಂಟೆಗೆ ಐದೂವರೆ ಮಿ.ಮೀ., ಸೋನೆಗಿಂತ ಸ್ವಲ್ಪ ಹೆಚ್ಚು. ಆ ರಾತ್ರಿ ಬಿದ್ದದ್ದು ಸೋನೆಯಲ್ಲ ಎಂಬುದು ಊರಿಗೆಲ್ಲ ಗೊತ್ತು.

ಮಾಪಕದ ಲೆಕ್ಕ ಸಿಗದಿದ್ದರೆ ನೇರ ಬದಿಯ ಡಬ್ಬಿಯೊಂದು ಸಾಕು. ಬಾಯಿಯೂ ತಳವೂ ಒಂದೇ ಅಗಲ ಇರಬೇಕು. ಬಯಲಲ್ಲಿ, ಗೋಡೆ ಮರಗಳಿಂದ ದೂರ ಇಟ್ಟು, ದಿನವೂ ಬೆಳಿಗ್ಗೆ 8.30ಕ್ಕೆ ಸ್ಕೇಲಿನಲ್ಲಿ ಅಳೆಯಿರಿ. ಹವಾಮಾನ ಇಲಾಖೆಯ ಮಳೆ ದಿನವೂ 8.30ಕ್ಕೇ ಮುಗಿಯುತ್ತದೆ, ಹಾಗಾಗಿ ಹೋಲಿಸಿ ನೋಡಬಹುದು. ಜೋರು ಮಳೆ ಬಂದಾಗ ಮಾತ್ರ ಗಡಿಯಾರ ಹಿಡಿದು ಕಾಲು ಗಂಟೆಗೊಮ್ಮೆ ಅಳೆಯಿರಿ. ಜೊತೆಗೆ ಯಾವ ಗೋಡೆ ನೆನೆಯಿತು, ಎಷ್ಟು ಎತ್ತರದವರೆಗೆ ನೆನೆಯಿತು ಎಂದು ಬರೆದಿಡಿ. ಗಾಳಿಯ ದಿಕ್ಕು ಹೇಳುವ ಉಪಕರಣ ಇದಕ್ಕಿಂತ ಅಗ್ಗವಾಗಿ ಸಿಗದು.

ಮಳೆ ನಕ್ಷತ್ರಗಳ ಲೆಕ್ಕವನ್ನು ಹಳೆಯ ಕಾಲದ್ದೆಂದು ಬದಿಗಿಡಬೇಡಿ. ಹದಿಮೂರು ಹದಿನಾಲ್ಕು ದಿನಕ್ಕೊಂದು ಹೆಸರು ಕೊಟ್ಟು ಮಳೆಗಾಲವನ್ನು ತುಂಡು ಮಾಡಿರುವುದರಿಂದ ಅದು ತಿಂಗಳಿಗಿಂತ ಹದವಾದ ಅಳತೆ. ಒಂದು ಹಾಳೆಯಲ್ಲಿ ಭರಣಿಯಿಂದ ವಿಶಾಖದವರೆಗೆ ಬರೆದು, ಪ್ರತಿಯೊಂದರ ಎದುರು ಮೂರು ಅಂಕಣ ಮಾಡಿ: ಬಿರುಸು, ಗಾಳಿಯ ದಿಕ್ಕು, ಹೊಳವಿನ (ಮಳೆ ಬಿಡುವು ಕೊಟ್ಟ) ದಿನಗಳು. ಬೆಂಗಳೂರಿನ ಹಾಳೆ ಹೀಗೆ ಕಾಣುತ್ತದೆ: ಭರಣಿ, ಕೃತ್ತಿಕೆಯಲ್ಲಿ, ಅಂದರೆ ಏಪ್ರಿಲ್ ಕೊನೆಯಿಂದ ಮೇ ನಾಲ್ಕನೇ ವಾರದವರೆಗೆ, ಸಂಜೆಯ ಗುಡುಗು ಮಳೆ, ಬಿರುಗಾಳಿ, ಆಗೀಗ ಆಲಿಕಲ್ಲು, ದಿಕ್ಕಿಗೆ ನಿಯಮವಿಲ್ಲ. ಮೃಗಶಿರದಿಂದ ಪುಷ್ಯದವರೆಗೆ (ಜೂನ್ ಎರಡನೇ ವಾರದಿಂದ ಆಗಸ್ಟ್ ಆರಂಭದ ತನಕ) ಪಡುವಣ ಗಾಳಿ, ತುಂತುರು. ಮಘೆ, ಹುಬ್ಬೆ, ಉತ್ತರೆಯಲ್ಲಿ (ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯ ತನಕ) ರಾತ್ರಿ ಸುರಿಯುವ ದೊಡ್ಡ ಮಳೆ. ಸೆಪ್ಟೆಂಬರ್ ಇಲ್ಲಿ ಅತಿ ಹೆಚ್ಚು ಮಳೆಯ ತಿಂಗಳು. ಚಿತ್ತೆಯ ಹೊತ್ತಿಗೆ, ಅಂದರೆ ಅಕ್ಟೋಬರ್ ಮಧ್ಯಕ್ಕೆ, ಗಾಳಿ ಮೂಡಲಿಂದ ತಿರುಗಿ ಬೀಸುತ್ತದೆ, ಅಲ್ಲಿಯವರೆಗೆ ಒಣಗಿದ್ದ ಪೂರ್ವದ ಗೋಡೆ ಒದ್ದೆಯಾಗುತ್ತದೆ. ‘ಪಶ್ಚಿಮಕ್ಕೆ ಸಜ್ಜಾ ಹಾಕಿದರೆ ಸಾಕು’ ಎಂದುಕೊಂಡವರ ಮನೆಯ ಮೂಡಲ ಕಿಟಕಿ ಕೆಳಗೆ ಬಣ್ಣ ಎದ್ದು ಬರುವುದು ಈ ಕಾರಣಕ್ಕೆ. ಕರಾವಳಿಯ ಹಾಳೆ ಬೇರೆಯೇ: ಮೃಗಶಿರದಿಂದ ಆಶ್ಲೇಷದವರೆಗೆ ಪಡುವಣದಿಂದಲೇ, ಎಡೆಬಿಡದೆ, ನಂತರ ನವೆಂಬರ್ ದಾಟಿದರೆ ಮೇ ತನಕ ಬಹುಮಟ್ಟಿಗೆ ಬಿಸಿಲು.

ಓರೆ ಮಳೆ ಮತ್ತು ಸೂರಿನ ಅಳತೆ

ಒಂದು ಮಿ.ಮೀ. ಗಾತ್ರದ ಹನಿ ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಲ್ಲಿ ಬೀಳುತ್ತದೆ, ಎರಡು ಮಿ.ಮೀ.ನ ಹನಿ ಆರೂವರೆ ಮೀಟರ್, ಐದು ಮಿ.ಮೀ.ನ ದಪ್ಪ ಹನಿ 9 ಮೀಟರ್. ಗಾಳಿ ಅದನ್ನು ಅಡ್ಡಕ್ಕೆ ತಳ್ಳುತ್ತದೆ. ಗಾಳಿಯ ವೇಗವನ್ನು ಬೀಳುವ ವೇಗದಿಂದ ಭಾಗಿಸಿ, ಬಂದದ್ದನ್ನು ಸೂರಂಚಿನಿಂದ ಕಾಪಾಡಬೇಕಾದ ಕೆಳಗಿನ ಅಂಚಿನವರೆಗಿನ ಎತ್ತರದಿಂದ ಗುಣಿಸಿದರೆ ಸೂರು ಎಷ್ಟು ಚಾಚಬೇಕು ಎಂಬ ಅಳತೆ ಸಿಗುತ್ತದೆ.

ಬಯಲುಸೀಮೆಯ ಕಿಟಕಿಯೊಂದನ್ನು ತೆಗೆದುಕೊಳ್ಳಿ. ಕಿಟಕಿ ಎತ್ತರ 1.2 ಮೀಟರ್, ಲಿಂಟಲಿನಿಂದ ಸೂರಂಚಿಗೆ ಇನ್ನು 30 ಸೆಂ.ಮೀ., ಒಟ್ಟು ಒಂದೂವರೆ ಮೀಟರ್. ಗಾಳಿ ಸೆಕೆಂಡಿಗೆ 4.5 ಮೀಟರ್, ಹನಿ ಆರೂವರೆ. ಭಾಗಿಸಿದರೆ 0.7, ಒಂದೂವರೆಯಿಂದ ಗುಣಿಸಿದರೆ 1.05 ಮೀಟರ್. ಊರಲ್ಲೆಲ್ಲ ಕಾಣುವ ಒಂದೂವರೆ ಎರಡಡಿ ಸಜ್ಜಾ ಕಿಟಕಿಯ ಮೇಲರ್ಧವನ್ನಷ್ಟೇ ಕಾಯುತ್ತದೆ ಎಂಬುದು ಈ ಲೆಕ್ಕದಲ್ಲೇ ಕಾಣುತ್ತದೆ. ಸಜ್ಜಾ ಉದ್ದ ಮಾಡಲು ಜಾಗವಿಲ್ಲದಿದ್ದರೆ ಕೆಳಗಿಳಿಸಿ: ಲಿಂಟಲಿಗೆ ಅಂಟಿಕೊಂಡೇ ಬಂದರೆ ಎತ್ತರ 1.2ಕ್ಕೆ ಇಳಿದು, ಚಾಚು 84 ಸೆಂ.ಮೀ. ಸಾಕಾಗುತ್ತದೆ. ಸಜ್ಜಾದ ಎರಡೂ ಬದಿ ಕಿಟಕಿಗಿಂತ ಕನಿಷ್ಠ ಒಂದಡಿ ಹೆಚ್ಚು ಅಗಲವಿರಲಿ, ಮಳೆ ಎದುರಿನಿಂದಲೇ ಬರಬೇಕೆಂದೇನೂ ಇಲ್ಲ.

ಈಗ ಅದೇ ಲೆಕ್ಕವನ್ನು ತೀರ್ಥಹಳ್ಳಿ, ಹೊಸನಗರದ ಜಡಿಮಳೆಗೆ ಹಾಕಿ. ಹನಿ ಸಣ್ಣದು, 4 ಮೀಟರ್ ವೇಗ. ಗಾಳಿ 5 ಮೀಟರ್. ಭಾಗಲಬ್ಧ 1.25. ಎರಡೂವರೆ ಮೀಟರ್ ಎತ್ತರದ ಗೋಡೆ ಒಣಗಿರಬೇಕಾದರೆ ಸೂರು ಮೂರು ಮೀಟರಿಗಿಂತ ಹೆಚ್ಚು ಚಾಚಬೇಕು! ಯಾವ ಪಕಾಸೂ (ಮಾಡಿನ ಇಳಿಜಾರು ತೊಲೆ) ಕಂಬವಿಲ್ಲದೆ ಅಷ್ಟು ದೂರ ನಿಲ್ಲದು. ಮಲೆನಾಡಿನ ಹಿರಿಯರು ಅಲ್ಲಿ ಕಂಬ ನೆಟ್ಟರು, ಅದು ಜಗಲಿಯಾಯಿತು. ಅಷ್ಟಕ್ಕೂ ನಿಲ್ಲದ ಇರಚಲಿಗೆ ಮಳೆಗಾಲದ ಮುಂಚೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ, ಮಳೆ ಕಳೆದ ಮೇಲೆ ಬಿಚ್ಚಿದರು. ಋತುವಿಗೆ ತಕ್ಕಂತೆ ಮೈ ಬದಲಿಸುವ ಕಟ್ಟಡ ಎಂದರೆ ಇದಕ್ಕಿಂತ ಸ್ಪಷ್ಟ ಮಾದರಿ ಬೇಕಿಲ್ಲ. ಹೊಸ ಮನೆಯಲ್ಲೂ ಇದನ್ನು ಉಳಿಸಿಕೊಳ್ಳಬಹುದು: ಜಗಲಿಯ ಕಂಬಗಳ ನಡುವೆ ಮೇಲೂ ಕೆಳಗೂ ಕೊಂಡಿ ಹಾಕಿಸಿ, ಬಿದಿರಿನ ಅಥವಾ ಮರದ ಪಟ್ಟಿಯ ಚೌಕಟ್ಟು ಸಿಕ್ಕಿಸುವಂತೆ ಮಾಡಿ. ಪಟ್ಟಿಗಳು ಹೊರಕ್ಕೆ ಬಾಗಿ ಇಳಿಬಿದ್ದಿರಲಿ, 45 ಡಿಗ್ರಿ ಓರೆ, ಒಂದರ ಕೆಳ ಅಂಚು ಮುಂದಿನದರ ಮೇಲಂಚಿಗಿಂತ ಎರಡು ಸೆಂ.ಮೀ. ಕೆಳಗೆ. ಗಾಳಿ ಒಳಗೆ ಬರುತ್ತದೆ, ಹನಿ ಬರುವುದಿಲ್ಲ. ಪ್ಲಾಸ್ಟಿಕ್ ಹಾಳೆ ಕಟ್ಟುವವರು ಹೆಚ್ಚಾಗಿದ್ದಾರೆ. ಅದು ನೀರು ತಡೆಯುತ್ತದೆ ನಿಜ, ಗೋಡೆಯ ಉಸಿರನ್ನೂ ಕಟ್ಟುತ್ತದೆ. ಒಳಗೆ ಬೂಷ್ಟು ಹಿಡಿಯುವುದು ಎರಡೇ ವಾರದಲ್ಲಿ.

ಸಜ್ಜಾದ ಅಂಚನ್ನು ಹತ್ತಿರದಿಂದ ನೋಡಿ. ಮೇಲೆ ಬಿದ್ದ ನೀರು ಅಂಚಿಗೆ ಬಂದು ನೇರ ಕೆಳಗೆ ಬೀಳುವುದಿಲ್ಲ. ಅಂಚು ಬಳಸಿ ಅಡಿಭಾಗಕ್ಕೆ ಅಂಟಿಕೊಂಡು, ಒಂದು ತೆಳು ಗೆರೆಯಾಗಿ ಗೋಡೆಯ ಕಡೆಗೆ ಹಿಂದಕ್ಕೆ ಹರಿಯುತ್ತದೆ. ಅಡಿಯಲ್ಲಿ ಅಂಚಿನಿಂದ ಒಂದಿಂಚು ಒಳಗೆ, 10ರಿಂದ 12 ಮಿ.ಮೀ. ಅಗಲ ಮತ್ತು ಅಷ್ಟೇ ಆಳದ ಗೀರು ಉದ್ದಕ್ಕೂ ಇದ್ದರೆ ಆ ಗೆರೆ ಅಲ್ಲಿ ತುಂಡಾಗುತ್ತದೆ, ಹನಿ ಜೋತುಬಿದ್ದು ಉದುರುತ್ತದೆ. ಕಾಂಕ್ರೀಟು ಹಾಕುವಾಗ ಶಟರಿಂಗ್ ಹಲಗೆಗೆ ಅರ್ಧ ಇಂಚಿನ ರೀಪು ಹೊಡೆದರೆ ಗೀರು ತಾನಾಗಿ ಮೂಡುತ್ತದೆ. ಖರ್ಚು ಇಲ್ಲವೇ ಇಲ್ಲ. ಆಮೇಲೆ ಗಾರೆ ಮಾಡುವವರು ಅಂದಕ್ಕೆಂದು ಅದನ್ನು ಮುಚ್ಚಿಬಿಡುತ್ತಾರೆ. ಆ ದಿನ ನೀವು ಅಲ್ಲಿರಬೇಕು.

ಸೂರಿನಿಂದ ಬಿದ್ದ ನೀರು ನೆಲಕ್ಕೆ ಬಡಿದು ಗೋಡೆಗೆ ಒಂದರಿಂದ ಒಂದೂವರೆ ಅಡಿ ಎತ್ತರಕ್ಕೆ ಕೆಸರು ಸಿಡಿಸುತ್ತದೆ. ಪಾಯದ ಕಟ್ಟೆ ಕನಿಷ್ಠ 45 ಸೆಂ.ಮೀ., ಮಲೆನಾಡಿನಲ್ಲಿ 60, ಕಲ್ಲಿನದೇ ಆಗಿರಲಿ. ಸೂರಂಚಿನ ನೇರಕ್ಕೆ ಎರಡಡಿ ಅಗಲದ ಪಟ್ಟಿಯಲ್ಲಿ 40 ಮಿ.ಮೀ. ಜಲ್ಲಿ ಹರಡಿ. ಅಲ್ಲಿ ಸಿಮೆಂಟು ಬಳಿದರೆ ಸಿಡಿತ ಹೆಚ್ಚುತ್ತದೆ.

ಹೆಂಚಿನ ಮಾಡು

ಮಂಗಳೂರು ಹೆಂಚು 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದಂದಿನಿಂದ ಈ ಮಳೆಗೇ ಒಗ್ಗಿದ ಸಾಮಾನು. ಅದರ ಇಳಿಜಾರು ಕಡಿಮೆಯಾದರೆ ಮಾತ್ರ ಕೈಕೊಡುತ್ತದೆ. 30 ಡಿಗ್ರಿಗಿಂತ ಕೆಳಗೆ ಹೋಗಬೇಡಿ, ಅಂದರೆ ಅಡ್ಡಕ್ಕೆ ಒಂದು ಮೀಟರಿಗೆ 58 ಸೆಂ.ಮೀ. ಏರಿಕೆ. ಘಟ್ಟದ ಮೇಲೆ 35 ಡಿಗ್ರಿ, ಮೀಟರಿಗೆ 70 ಸೆಂ.ಮೀ. ಇಳಿಜಾರು ಸಾಲದಿದ್ದರೆ ಹೆಂಚಿನ ಮೇಲೆ ಹೆಂಚು ಕೂರುವ ಸಂದಿಯಲ್ಲಿ ನೀರು ನಿಂತು, ಗಾಳಿ ಬೀಸಿದಾಗ ಮೇಲ್ಮುಖವಾಗಿ ನುಗ್ಗುತ್ತದೆ. ರೀಪಿನ ಅಂತರವನ್ನು ಪುಸ್ತಕ ನೋಡಿ ಹೊಡೆಯಬೇಡಿ. ತಂದ ಹೆಂಚಿನಲ್ಲಿ ಹತ್ತನ್ನು ಸಾಲಾಗಿ ಕೂರಿಸಿ, ಮೊದಲ ಹೆಂಚಿನ ಕೊಕ್ಕೆಯಿಂದ ಕೊನೆಯದರ ಕೊಕ್ಕೆಯವರೆಗೆ ಅಳೆದು ಒಂಬತ್ತರಿಂದ ಭಾಗಿಸಿ. ಸಾಮಾನ್ಯವಾಗಿ 32 ಸೆಂ.ಮೀ. ಆಸುಪಾಸು ಬರುತ್ತದೆ, ಒಂದು ಸೆಂ.ಮೀ. ಹೆಚ್ಚಾದರೂ ಕೊಕ್ಕೆ ಕೂರುವುದಿಲ್ಲ. ಸೂರಂಚಿನ ಎರಡು ಸಾಲು ಹೆಂಚನ್ನು ರೀಪಿಗೆ ತಂತಿಯಿಂದ ಕಟ್ಟಿ. ಗಾಳಿ ಎತ್ತುವುದು ಮೊದಲು ಅವನ್ನೇ.

ಎರಡು ಮಾಡುಗಳು ಕೂಡುವ ಒಳಮೂಲೆ ಸೋರುವಷ್ಟು ಬೇರೆಲ್ಲೂ ಸೋರದು. ನಕ್ಷೆಯಲ್ಲೇ ಅದನ್ನು ತಪ್ಪಿಸಲು ನೋಡಿ: ಎಲ್ (ಮೂಲೆ) ಆಕಾರದ ಮನೆಗಿಂತ ಉದ್ದನೆಯ ಆಯತ ಮಲೆನಾಡಿಗೆ ಒಳ್ಳೆಯದು. ಬೇಕೇಬೇಕೆಂದರೆ ಎರಡಡಿ ಅಗಲದ ಅಲ್ಯೂಮಿನಿಯಂ ತಗಡು, ಎರಡೂ ಅಂಚು ಒಂದಿಂಚು ಮೇಲಕ್ಕೆ ಮಡಚಿ, ಮೇಲಿನ ತುಂಡು ಕೆಳಗಿನದರ ಮೇಲೆ ಅರ್ಧ ಅಡಿ ಹೊದ್ದಿರಬೇಕು.

ಸೂರಿಗೆ ದೋಣಿ (ಅಂಚಿನ ನೀರು ಹಿಡಿದು ಸಾಗಿಸುವ ಕಾಲುವೆ) ಕಟ್ಟುವುದೋ ಬೇಡವೋ? ಆಗುಂಬೆ, ಹುಲಿಕಲ್ಲಿನಂಥ ಕಡೆ ಸುತ್ತಲೂ ದೋಣಿ ಕಟ್ಟದಿರುವುದೇ ಲೇಸು. ಎಲೆ ತುಂಬಿ ಉಕ್ಕಿದರೆ ನೀರು ಪಕಾಸಿನ ತುದಿಗೆ ಹತ್ತಿ ಮರ ಕೊಳೆಯುತ್ತದೆ. ಹಿಂದೆ ಅಡಿಕೆ ಮರದ ದಂಬೆಯನ್ನು ಬಾಗಿಲ ಮೇಲೆ, ಬಚ್ಚಲ ಹಂಡೆಯ ಕಡೆಗೆ ಮಾತ್ರ ಕಟ್ಟುತ್ತಿದ್ದರು, ಅಷ್ಟೇ ಸರಿ. ಬಯಲುಸೀಮೆಯಲ್ಲಿ ಹನಿ ಹನಿಯೂ ಬೇಕು, ದೋಣಿ ಬೇಕೇ ಬೇಕು. ನೂರಕ್ಕೆ ಒಂದರ ವಾಟ (ಇಳಿಜಾರು) ಕೊಡಿ, ಕೊಂಡಿಗಳು ಎರಡಡಿಗೊಂದು, ಲೆಕ್ಕಕ್ಕಿಂತ ಹತ್ತು ಹದಿನೈದು ಪ್ರತಿಶತ ದೊಡ್ಡದೇ ಇರಲಿ. ದೋಣಿಯ ಹೊರ ಅಂಚು ಒಳ ಅಂಚಿಗಿಂತ ಒಂದು ಸೆಂ.ಮೀ. ತಗ್ಗಾಗಿರಬೇಕು. ಉಕ್ಕಿದರೆ ಅಂಗಳಕ್ಕೆ ಉಕ್ಕಲಿ, ಗೋಡೆಗೆ ಬೇಡ.

ಬಿರುಸು: ತಾರಸಿ, ಪೈಪು, ತೊಟ್ಟಿ

ಇನ್ನು ಬೆಂಗಳೂರಿನ 30×40 ಸೈಟಿನ ಮನೆ. ತಾರಸಿ 80 ಚದರ ಮೀಟರ್ ಎಂದಿಟ್ಟುಕೊಳ್ಳಿ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್. ಈ ಒಂದು ಸೂತ್ರ ನೆನಪಿದ್ದರೆ ಉಳಿದದ್ದೆಲ್ಲ ಬಾಯಿಲೆಕ್ಕ. ಗಂಟೆಗೆ 150 ಮಿ.ಮೀ. ಬಿರುಸಿನಲ್ಲಿ ಈ ತಾರಸಿಯಿಂದ ನಿಮಿಷಕ್ಕೆ 200 ಲೀಟರ್ ಇಳಿಯಬೇಕು.

ರಾಷ್ಟ್ರೀಯ ಕಟ್ಟಡ ಸಂಹಿತೆಯ ಕೋಷ್ಟಕದ ಪ್ರಕಾರ 100 ಮಿ.ಮೀ.ನ ಪೈಪು ಗಂಟೆಗೆ 100 ಮಿ.ಮೀ. ಮಳೆಯಲ್ಲಿ 42.7 ಚದರ ಮೀಟರ್ ತಾರಸಿಯನ್ನು, 150ರಲ್ಲಿ 28.5ನ್ನು, 200ರಲ್ಲಿ 21.3ನ್ನು ನಿಭಾಯಿಸುತ್ತದೆ. 75 ಮಿ.ಮೀ.ನದು 150ರ ಬಿರುಸಿಗೆ 13.6 ಮಾತ್ರ. ವ್ಯಾಸ ಕಾಲು ಭಾಗ ಕಡಿಮೆಯಾದರೆ ಸಾಮರ್ಥ್ಯ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ ನೋಡಿ. ನಮ್ಮ 80 ಚದರ ಮೀಟರಿಗೆ 150ರ ಲೆಕ್ಕದಲ್ಲಿ 100ರ ಪೈಪು ಮೂರು ಬೇಕು. ಬಯಲುಸೀಮೆಗೆ 150, ಕರಾವಳಿ ಮತ್ತು ಘಟ್ಟಕ್ಕೆ 200 ಹಿಡಿದು ಲೆಕ್ಕ ಹಾಕಿ. ಎರಡೇ ಪೈಪಿನಲ್ಲಿ ಮುಗಿಸಿ ಎಂದು ಮೇಸ್ತ್ರಿ ಹೇಳಿದರೆ ಒಪ್ಪಬೇಡಿ. ಒಂದು ಕಟ್ಟಿಕೊಂಡ ದಿನ ಉಳಿಯುವುದು ಒಂದೇ.

ಕಟ್ಟಿಕೊಂಡರೆ ಏನಾಗುತ್ತದೆ? ಸುತ್ತ ಪ್ಯಾರಪೆಟ್ ಇರುವ ತಾರಸಿ ಬಾನಿಯಾಗುತ್ತದೆ. ಹತ್ತು ಸೆಂ.ಮೀ. ನೀರು ನಿಂತರೆ ಚದರ ಮೀಟರಿಗೆ ನೂರು ಕೆ.ಜಿ., 80 ಚದರ ಮೀಟರಿಗೆ ಎಂಟು ಟನ್. ಜನ ಓಡಾಡುವ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150 ಕೆ.ಜಿ. ಭಾರಕ್ಕೆ ಲೆಕ್ಕ ಹಾಕಿರುತ್ತಾರೆ, ಅಂದರೆ 15 ಸೆಂ.ಮೀ. ನೀರು. 2022ರ ಆ ರಾತ್ರಿಯಂಥದ್ದೊಂದು ಮಳೆ, ಬಾಯಿಗಳಿಗೆಲ್ಲ ಅಡ್ಡಬಿದ್ದ ಪ್ಲಾಸ್ಟಿಕ್ ಚೀಲಗಳು, ಇಷ್ಟರಲ್ಲೇ ನೀರು 13 ಸೆಂ.ಮೀ. ತಲುಪುತ್ತದೆ. ಅದಕ್ಕೇ ಪ್ಯಾರಪೆಟ್ಟಿನಲ್ಲಿ ನೀರಿಳಿಯುವ ಬಾಯಿಗಿಂತ ಐದು ಸೆಂ.ಮೀ. ಮೇಲೆ, ಪ್ರತಿ ಪೈಪಿಗೊಂದರಂತೆ, 15 ಸೆಂ.ಮೀ. ಅಗಲದ ಕಿಂಡಿ ಬಿಡಿ. ಬೀದಿಯಿಂದ ಕಾಣುವ ಜಾಗದಲ್ಲೇ ಇರಲಿ. ಅಲ್ಲಿಂದ ನೀರು ಸುರಿಯಿತೆಂದರೆ ಮೇಲೆ ಏನೋ ಕಟ್ಟಿಕೊಂಡಿದೆ ಎಂಬ ಸುದ್ದಿ ನಿಮಗೆ ತಲುಪಿದಂತೆ.

ತಾರಸಿಯ ವಾಟ 80ಕ್ಕೆ ಒಂದು ಇರಲಿ, 100ಕ್ಕೆ ಒಂದಕ್ಕಿಂತ ಕಡಿಮೆ ಬೇಡವೇ ಬೇಡ. ಎಂಟು ಮೀಟರ್ ಓಟಕ್ಕೆ ಹತ್ತು ಸೆಂ.ಮೀ. ಇಳಿತ. ರಸಮಟ್ಟ ನಂಬಿ ಕೂರದೆ ನೀರಿನ ಟ್ಯೂಬು ಹಿಡಿದು ನೋಡಿ, ಕೆಲಸ ಮುಗಿದ ಮೇಲೆ ಎರಡು ಬಕೆಟ್ ನೀರು ಸುರಿದು ಹರಿಯುವ ದಾರಿ ನೋಡಿ. ನೀರಿಳಿಯುವ ಬಾಯಿಗೆ ಮಟ್ಟಸ ಜಾಲರಿ ಬೇಡ, ಒಂದು ಎಲೆ ಬಿದ್ದರೂ ಮುಚ್ಚಿಕೊಳ್ಳುತ್ತದೆ. ಗುಮ್ಮಟದಂತೆ ಎದ್ದಿರುವ ಜಾಲರಿ ಹಾಕಿ.

ಮಲೆನಾಡಿನಲ್ಲಿ ಕಾಂಕ್ರೀಟು ತಾರಸಿ ಹಾಕುವವರಿಗೆ ಒಂದು ಮಾತು: ಕೆಲವೇ ವರ್ಷದಲ್ಲಿ ಅದರ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹೊದಿಸುವುದನ್ನು ಊರೂರಲ್ಲಿ ಕಾಣುತ್ತೇವೆ. ಎರಡು ಮಾಡಿನ ಖರ್ಚು ಮಾಡುವ ಬದಲು ಮೊದಲೇ ಇಳಿಜಾರು ಮಾಡು ಕಟ್ಟಿ.

ತೊಟ್ಟಿಮನೆಯ ಆಸೆ ಈಗ ಮತ್ತೆ ಬಂದಿದೆ, ಒಳ್ಳೆಯದು. ತೊಟ್ಟಿಯ ಕಿಂಡಿಯನ್ನು ಮಾತ್ರ ಲೆಕ್ಕ ಹಾಕಿಯೇ ಇಡಬೇಕು. ಒಳಕ್ಕೆ ಇಳಿಯುವ ಮಾಡು 60 ಚದರ ಮೀಟರ್, ಬಿರುಸು 150 ಇದ್ದರೆ ನಿಮಿಷಕ್ಕೆ 150 ಲೀಟರ್ ತೊಟ್ಟಿಗೆ ಬೀಳುತ್ತದೆ. ಮೂರು ಮೀಟರ್ ಚೌಕದ, 15 ಸೆಂ.ಮೀ. ಆಳದ ತೊಟ್ಟಿ ಕಿಂಡಿ ಕಟ್ಟಿಕೊಂಡರೆ ಒಂಬತ್ತು ನಿಮಿಷಕ್ಕೆ ತುಂಬಿ ಪಡಸಾಲೆಗೆ ಹರಿಯುತ್ತದೆ. ಎದುರು ಬದಿರು ಮೂಲೆಗಳಲ್ಲಿ ಎರಡು ಕಿಂಡಿ ಇಡಿ, ಪ್ರತಿಯೊಂದೂ ತಾನೊಬ್ಬನೇ ಪೂರ್ತಿ ನೀರು ಸಾಗಿಸುವಷ್ಟು ದೊಡ್ಡದು, ಬೇರೆ ಬೇರೆ ಪೈಪಿನಲ್ಲಿ ಹೊರಗೆ ಹೋಗಬೇಕು. ಎರಡನ್ನೂ ನೆಲದಡಿ ಒಂದೇ ಪೈಪಿಗೆ ಸೇರಿಸಿದರೆ ಎರಡಿಟ್ಟು ಫಲವಿಲ್ಲ.

ಮೊದಲ ಮಳೆಯ ಕೊಳೆ

ಹೊಳವಿನ ನಂತರದ ಮೊದಲ ಒಂದು ಮಿ.ಮೀ. ನೀರು ಧೂಳು, ಹಕ್ಕಿಯ ಹಿಕ್ಕೆ ಹೊತ್ತು ಬರುತ್ತದೆ. ಅದನ್ನು ಬೇರೆ ಮಾಡಬೇಕು. ಮಾರುಕಟ್ಟೆಯಲ್ಲಿ ಒಂದು ಮೀಟರ್ ಉದ್ದದ 110 ಮಿ.ಮೀ. ಪೈಪು ನಿಲ್ಲಿಸಿ ಕೊಡುತ್ತಾರೆ. ಅದು ಹಿಡಿಯುವುದು ಎಂಟೂವರೆ ಲೀಟರ್. ನಮ್ಮ ತಾರಸಿಯ ಮೊದಲ ಒಂದು ಮಿ.ಮೀ. ಎಂದರೆ 80 ಲೀಟರ್, ಮೂರು ಪೈಪಿಗೆ ಹಂಚಿದರೆ ತಲಾ 27. ಪ್ರತಿ ಪೈಪಿನ ಬುಡದಲ್ಲೂ 160 ಮಿ.ಮೀ.ನ ಪೈಪನ್ನು ಒಂದೂವರೆ ಮೀಟರ್ ಉದ್ದಕ್ಕೆ ನಿಲ್ಲಿಸಿದರೆ ಸರಿಹೋಗುತ್ತದೆ. ತಳದಲ್ಲಿ ತಿರುಪಿನ ಮುಚ್ಚಳ, ಮುಚ್ಚಳದಲ್ಲಿ ಎರಡು ಮಿ.ಮೀ. ತೂತು. ಮಳೆ ನಿಂತ ಒಂದೆರಡು ಗಂಟೆಯಲ್ಲಿ ಅದು ತಾನೇ ಬರಿದಾಗಿ ಮುಂದಿನ ಮಳೆಗೆ ಸಿದ್ಧವಾಗುತ್ತದೆ. ಕರೆಂಟಿಲ್ಲ, ಯಾರೂ ಮುಟ್ಟಬೇಕಿಲ್ಲ. ತೂತಿಗೆ ಮಣ್ಣು ಕಟ್ಟುವುದೇ ಇದರ ರೋಗ. ತಿಂಗಳಿಗೊಮ್ಮೆ ಮುಚ್ಚಳ ಬಿಚ್ಚಿ ತೊಳೆಯಬೇಕು. ಶುದ್ಧಿಯ ಜಾಲರಿ, ಮರಳಿನ ಡ್ರಮ್ಮು ಇದರ ನಂತರ ಬರಲಿ. ಹಲವು ಬಗೆಯ ಮಾದರಿಗಳನ್ನು ಕಣ್ಣಾರೆ ನೋಡಬೇಕೆಂದರೆ ಜಯನಗರದಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಉದ್ಯಾನವಿದೆ. 2009ರಿಂದ ಬೆಂಗಳೂರಿನಲ್ಲಿ 30×40 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹೊಸ ಮನೆಗೆ ಮಳೆಕೊಯ್ಲು ಕಡ್ಡಾಯ.

ಸಂಪು: ಬಿಡುವಿನ ದಿನಗಳ ಲೆಕ್ಕ

80 ಚದರ ಮೀಟರ್, 970 ಮಿ.ಮೀ., ಸೋರಿ ಆವಿಯಾಗಿ ಉಳಿಯುವ ಪಾಲು 0.85: ವರ್ಷಕ್ಕೆ ಸುಮಾರು 66,000 ಲೀಟರ್. ಇದನ್ನು ನೋಡಿ ಯಾರೂ ಅಷ್ಟು ದೊಡ್ಡ ಸಂಪು ಕಟ್ಟುವುದಿಲ್ಲ, ಕಟ್ಟಬೇಕಾಗಿಯೂ ಇಲ್ಲ. ಕೇಳಬೇಕಾದ ಪ್ರಶ್ನೆ ಹದವಾದ ಎರಡು ಮಳೆಗಳ ನಡುವಿನ ಅತಿ ಉದ್ದದ ಬಿಡುವು ಎಷ್ಟು ದಿನ ಎಂಬುದು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿದ್ದ ಎ.ಆರ್. ಶಿವಕುಮಾರ್ 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಮಳೆನೀರಿನ ಮೇಲೇ ನಡೆಯುವ ತಮ್ಮ ಮನೆಗೆ ಹಿಡಿದ ದಾರಿ ಇದೇ. ಹಳೆಯ ಮಳೆ ದಾಖಲೆ ನೋಡಿ ಸುಮಾರು 100 ದಿನದ ಬಿಡುವಿಗೆ ಸಂಗ್ರಹ ಲೆಕ್ಕ ಹಾಕಿದರು. ಅಡುಗೆ, ಸ್ನಾನ, ಬಟ್ಟೆಗೆ ದಿನಕ್ಕೆ 200 ಲೀಟರ್ ಮಳೆನೀರು ಬಳಸುವ ಮನೆಗೆ 20,000 ಲೀಟರ್ ಸಂಪು ಸಾಕು.

ಸಂಪನ್ನು ನಡೆಸುವುದರಲ್ಲೇ ಹೆಚ್ಚಿನ ಜಾಣತನ ಬೇಕು. ಹಸ್ತ ಮಳೆ ಮುಗಿಯುವವರೆಗೆ, ಅಂದರೆ ಅಕ್ಟೋಬರ್ ಹತ್ತರ ತನಕ, ಸಂಪಿನ ಮೇಲಿನ ಮೂರನೇ ಒಂದು ಭಾಗ ಖಾಲಿ ಇಟ್ಟುಕೊಳ್ಳಿ. 20,000ದಲ್ಲಿ ಆರೇಳು ಸಾವಿರ ಲೀಟರ್ ಜಾಗ ಎಂದರೆ ಸುಮಾರು 100 ಮಿ.ಮೀ. ಮಳೆಯನ್ನು ಬೀದಿ ಚರಂಡಿಗೆ ಬಿಡದೆ ನುಂಗುವ ಜಾಗ. ಚಿತ್ತೆಯಿಂದ ಆಟ ತಿರುಗುತ್ತದೆ: ಬಂದದ್ದೆಲ್ಲ ತುಂಬಿಸಿ, ವಿಶಾಖ ಮುಗಿಯುವ ನವೆಂಬರ್ ಮೂರನೇ ವಾರಕ್ಕೆ ಸಂಪು ಬಾಯಿವರೆಗೆ ಇರಬೇಕು. ಇದಕ್ಕೆ ಸಂಪಿನ ಒಳಗೋಡೆಗೆ ಒಂದು ಬಣ್ಣದ ಗೆರೆ ಮತ್ತು ಎರಡು ಎತ್ತರಗಳಲ್ಲಿ ಫ್ಲೋಟ್ ಸ್ವಿಚ್ (ನೀರಿನ ಮಟ್ಟಕ್ಕೆ ತಕ್ಕಂತೆ ತಾನೇ ಬದಲಾಗುವ ಸ್ವಿಚ್) ಸಾಕು. ಋತು ನೋಡಿ ಯಾವುದು ಚಾಲೂ ಎಂಬುದನ್ನು ಕೈಯಿಂದ ಬದಲಿಸಿ.

ಹೆಚ್ಚಾದದ್ದು ಇಂಗುಬಾವಿಗೆ. ಮೂರಡಿ ವ್ಯಾಸ, ಇಪ್ಪತ್ತಡಿ ಆಳದ ಬಾವಿ ನಾಲ್ಕು ಸಾವಿರ ಲೀಟರ್ ಹಿಡಿಯುತ್ತದೆ. ಒಂದಡಿ ಎತ್ತರದ ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಇಡಿ, ನಡುವೆ ಗಾರೆ ಬೇಡ, ತಳ ತೆರೆದೇ ಇರಲಿ. ಬಾವಿಯೊಳಗೆ ಜಲ್ಲಿ ತುಂಬಿಸುವ ಚಾಳಿ ಬಿಡಿ: ಜಲ್ಲಿ ತುಂಬಿದರೆ ನೀರಿಗೆ ಉಳಿಯುವುದು ಸುಮಾರು ಐದರಲ್ಲಿ ಎರಡು ಪಾಲು, ಹೂಳು ಕೂತ ಮೇಲೆ ತೆಗೆಯುವ ದಾರಿಯೂ ಇಲ್ಲ. ಪೀಳಿಗೆಗಳಿಂದ ಬಾವಿ ತೋಡಿದ ಮಣ್ಣು ವಡ್ಡರ ಕೈಗೆ ಕೆಲಸ ಕೊಡಿ. ಮಣ್ಣಿನ ಪದರ ಬದಲಾದದ್ದು ಹಾರೆಯ ಸದ್ದಿನಲ್ಲೇ ಅವರಿಗೆ ತಿಳಿಯುತ್ತದೆ, ಮರಳು ಪದರ ಸಿಕ್ಕಲ್ಲಿಗೆ ನಿಲ್ಲಿಸುತ್ತಾರೆ.

ಇಂಗಿಸುವ ಈ ಮಾತು ಬಯಲಿಗೆ. ಘಟ್ಟದ ಇಳಿಜಾರಿನಲ್ಲಿ, ಗುಡ್ಡ ಕಡಿದು ಮಾಡಿದ ಸೈಟಿನಲ್ಲಿ ಇಂಗುಗುಂಡಿ ಬೇಡವೇ ಬೇಡ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದವು; ನೆನೆದ ಮಣ್ಣಿನ ಭಾರವೂ ಒಳಗಿನ ನೀರಿನ ಒತ್ತಡವೂ ಸೇರಿದಾಗ ಕಡಿದ ದರೆ (ಮಣ್ಣಿನ ಗೋಡೆ) ನಿಲ್ಲುವುದಿಲ್ಲ. ಅಲ್ಲಿ ಮನೆಯ ಮೇಲ್ಗಡೆ ಕಲ್ಲು ಹಾಸಿದ ಕಾಲುವೆ ತೋಡಿ, ಮಾಡಿನ ನೀರನ್ನೂ ಸೇರಿಸಿ, ಹಳ್ಳದವರೆಗೆ ಮುಟ್ಟಿಸಬೇಕು. ಕರಾವಳಿಯ ಮಟ್ಟಸ ಜಾಗದಲ್ಲಿ ಸೋಸಿದ ನೀರನ್ನು ತೆರೆದ ಬಾವಿಗೇ ಬಿಡಬಹುದು, ಪೈಪಿನ ತುದಿಗೆ ಎಲ್ಬೋ ಹಾಕಿ ನೀರು ಮುರಕಲ್ಲಿನ ಗೋಡೆಗೆ ಬಡಿಯದಂತೆ ನಡುವಿಗೆ ಬೀಳಿಸಿ.

ತಾನೇ ಮುಚ್ಚುವ ಮಾಡು

ತೊಟ್ಟಿಯ ಮೇಲೆ ಸರಿಯುವ ಪಾಲಿಕಾರ್ಬೊನೇಟ್ ಹೊದಿಕೆ, ಮಳೆ ಬಂದರೆ ಮುಚ್ಚುವ ಕಿಟಕಿ ಬೇಕೆನ್ನುವವರು ಹೆಚ್ಚುತ್ತಿದ್ದಾರೆ. ಮಾಡಬಹುದು, ಆದರೆ ಒಂದು ಷರತ್ತು: ದೊಡ್ಡ ಮಳೆ ಬಂದಾಗಲೇ ಕರೆಂಟು ಹೋಗುತ್ತದೆ. ಹಾಗಾಗಿ ಮೋಟಾರು ಕೆಲಸ ಮಾಡಬೇಕಾದದ್ದು ತೆರೆಯುವುದಕ್ಕೆ, ಮುಚ್ಚುವುದು ತೂಕದ ಕಲ್ಲಿನಿಂದ ಅಥವಾ ಸ್ಪ್ರಿಂಗಿನಿಂದ ತಾನಾಗಿ ಆಗಬೇಕು. ಆಗದಿದ್ದರೆ 12 ವೋಲ್ಟ್ ಬ್ಯಾಟರಿಯ ಮೋಟಾರು ಹಾಕಿ, ಹಗ್ಗ ಎಳೆದು ಕೈಯಿಂದ ಮುಚ್ಚುವ ದಾರಿಯೂ ಇರಲಿ.

ಅಗ್ಗದ ಮಳೆ ಸಂವೇದಕ ಫಲಕದಲ್ಲಿ ತಾಮ್ರದ ಗೆರೆಗಳಿರುತ್ತವೆ. ಸದಾ ಕರೆಂಟು ಹರಿಸಿದರೆ ಒದ್ದೆಯಾದಾಗ ಗೆರೆ ತಿಂದುಹೋಗಿ ಒಂದೇ ಮಳೆಗಾಲಕ್ಕೆ ಸಾಯುತ್ತದೆ. ಓದುವ ಕ್ಷಣಕ್ಕಷ್ಟೇ, ಅರ್ಧ ನಿಮಿಷಕ್ಕೊಮ್ಮೆ, ಕರೆಂಟು ಕೊಡುವಂತೆ ಇಎಸ್‌ಪಿ32 ಎಂಬ ಪುಟ್ಟ ನಿಯಂತ್ರಕ ಬೋರ್ಡಿಗೆ ಪ್ರೋಗ್ರಾಂ ಬರೆಯಿರಿ. ಫಲಕವನ್ನು 30 ಡಿಗ್ರಿ ಓರೆ ಇಡಿ, ನೀರು ನಿಲ್ಲಬಾರದು. ಎಲ್ಲಿಂದಲೋ ಸಿಡಿದ ಹನಿಗೂ ಅದು ಮಳೆ ಎಂದೇ ಹೇಳುತ್ತದೆ, ಆದ್ದರಿಂದ ಮೂರು ಸಲ ಒದ್ದೆ ಎಂದ ಮೇಲೆ ಮುಚ್ಚಲಿ, ಪೂರ್ತಿ ಒಣಗಿ ಅರ್ಧ ಗಂಟೆ ಆದ ಮೇಲೆ ಮಾತ್ರ ತೆರೆಯಲಿ. ಈ ಅಂತರ ಇಡದಿದ್ದರೆ ಸೋನೆಯಲ್ಲಿ ಹೊದಿಕೆ ಗಂಟೆಗೆ ಹತ್ತು ಸಲ ಓಡಾಡಿ ಮೋಟಾರು ಸುಡುತ್ತದೆ. ಎರಡೂ ತುದಿಗೆ ಲಿಮಿಟ್ ಸ್ವಿಚ್ (ಹೊದಿಕೆ ತುದಿ ಮುಟ್ಟಿದೊಡನೆ ಮೋಟಾರು ನಿಲ್ಲಿಸುವ ಸ್ವಿಚ್) ಮರೆಯಬೇಡಿ.

ಬಿರುಸು ಅಳೆಯಲು ಮಗುಚುವ ಬಟ್ಟಲಿನ ಮಾಪಕ ಒಳ್ಳೆಯದು. 20 ಸೆಂ.ಮೀ. ಬಾಯಿಯ ಆಲಿಕೆ, ಒಂದು ಮಗುಚುವಿಕೆಗೆ 0.2 ಮಿ.ಮೀ. ಇದ್ದರೆ ಪ್ರತಿ ಸಲ 6.28 ಮಿ.ಲೀ. ನೀರು. 628 ಮಿ.ಲೀ. ನೀರನ್ನು ಅರ್ಧ ಗಂಟೆಯಷ್ಟು ನಿಧಾನ ಸುರಿದು ನೂರು ಸಲ ಮಗುಚಿತೇ ಎಂದು ಎಣಿಸಿ, ತಪ್ಪಿದ್ದರೆ ಕೆಳಗಿನ ತಿರುಪು ಸರಿಮಾಡಿ. ನಿಮಿಷಕ್ಕೆ ಹತ್ತು ಸಲ ಮಗುಚಿದರೆ ಗಂಟೆಗೆ 120 ಮಿ.ಮೀ. ಬಿರುಸು, ಆಗ ಫೋನಿಗೆ ಸಂದೇಶ ಬರಲಿ, ಯಾರಾದರೂ ತಾರಸಿಯ ಕಿಂಡಿ ನೋಡಲಿ.

ಮನೆ ಮುಗಿದ ಮೇಲೆ

ಭರಣಿಗೆ ಮೊದಲು ದೋಣಿ, ಕಿಂಡಿ, ಜಾಲರಿ ತೊಳೆಯಬೇಕು. ಹೊಸ ತಾರಸಿಯಾದರೆ ಬಾಯಿಗಳನ್ನು ಮುಚ್ಚಿ ಐದು ಸೆಂ.ಮೀ. ನೀರು ನಿಲ್ಲಿಸಿ 48 ಗಂಟೆ ಕೆಳಗಿನಿಂದ ನೋಡಿ. ಒದ್ದೆ ಕಲೆ ಕಂಡಲ್ಲಿ ಬಳಪದಿಂದ ಗುರುತು ಮಾಡಿ ಬಣ್ಣಕ್ಕೆ ಮೊದಲೇ ಸರಿಪಡಿಸಿ. ಮೊದಲ ಜೋರು ಮಳೆ ನಿಂತ ಕೂಡಲೇ ಮನೆಯ ಸುತ್ತ ಒಮ್ಮೆ ನಡೆಯಿರಿ, ಪ್ರತಿ ಗೋಡೆಯಲ್ಲೂ ಒದ್ದೆ ಎಲ್ಲಿಯವರೆಗೆ ಏರಿದೆಯೋ ಅಲ್ಲಿ ಒಂದು ಗೆರೆ, ಪಕ್ಕದಲ್ಲಿ ದಿನಾಂಕ ಮತ್ತು ಮಳೆಯ ಹೆಸರು ಬರೆಯಿರಿ. ಚಿತ್ತೆ ಕಳೆಯುವ ಹೊತ್ತಿಗೆ ಯಾವ ಕಡೆಯ ಸೂರಿಗೆ ಇನ್ನೂ ಒಂದು ಸಾಲು ಹೆಂಚು ಬೇಕು, ಯಾವ ಕಂಬಗಳ ನಡುವೆ ತಟ್ಟಿ ಬೇಕು ಎಂಬುದನ್ನು ಆ ಗೆರೆಗಳಿಂದಲೇ ಅಳೆದುಕೊಳ್ಳಬಹುದು.